ಹಳೆ ನೋಟ್‌ಬುಕ್ಕಿನಿಂದ ಸಂಕ್ರಾಂತಿ ಕಾರ್ಡು: ವೃದ್ಧಾಶ್ರಮದ ಹಿರಿಯರಿಗಾಗಿ ಶಾಲಾ ಮಕ್ಕಳ ಕೈಕೆಲಸ

ಶಾಲೆಗಳಲ್ಲಿ ತಯಾರಾಗುವ ಶುಭಾಶಯ ಕಾರ್ಡುಗಳಲ್ಲಿ ಹೆಚ್ಚಿನವು ಪ್ರದರ್ಶನದ ಮೇಜಿಗೆ ಚೆನ್ನ, ಹಿರಿಯರ ಕೈಗೆ ಅಲ್ಲ. ಮಿನುಗುಪುಡಿ ಉದುರಿ ಹಾಸಿಗೆಯಲ್ಲಿ ಸೇರಿಕೊಳ್ಳುತ್ತದೆ. ನೇರಳೆ ಹಾಳೆಯ ಮೇಲೆ ನೀಲಿ ಪೆನ್ನಿನಲ್ಲಿ ಬರೆದ ಸಾಲು ಕಾಣುವುದೇ ಇಲ್ಲ. ಮೂರು ಮಡಿಕೆಯ ಕಾರ್ಡನ್ನು ಸೆಟೆದ ಬೆರಳುಗಳು ಬಿಡಿಸಲಾರವು. ಹಾಗಾಗಿ ಕೆಲಸ ಶುರುವಾಗಬೇಕಾದದ್ದು ಕತ್ತರಿ, ಅಂಟಿನಿಂದಲ್ಲ, ಅದು ಯಾರ ಕೈ ಸೇರುತ್ತದೆ ಎನ್ನುವುದರಿಂದ.

ಇಲ್ಲಿ ಕೊಟ್ಟಿರುವ ಲೆಕ್ಕವೆಲ್ಲ 40 ಮಕ್ಕಳ ಒಂದು ತರಗತಿ, 30 ಹಿರಿಯರಿರುವ ಒಂದು ಆಶ್ರಮ ಎಂದು ಹಿಡಿದದ್ದು. 6ನೇ ತರಗತಿಯಿಂದ ಮೇಲಿನ ಮಕ್ಕಳಿಗೆ ಹೊಂದುತ್ತದೆ.

ಸಂಕ್ರಾಂತಿಯೇ ಏಕೆ

ಅಕ್ಟೋಬರ್ 1 ಹಿರಿಯರ ಅಂತರರಾಷ್ಟ್ರೀಯ ದಿನ. ಹಲವು ಶಾಲೆಗಳು ಆ ದಿನವನ್ನೇ ಆರಿಸಿಕೊಳ್ಳುತ್ತವೆ. ಆದರೆ ಅದಕ್ಕೆ ಸೆಪ್ಟೆಂಬರಿನಲ್ಲಿ ಕಾಗದ ಮಾಡಬೇಕು. ಕರ್ನಾಟಕದ ಬಹುಭಾಗದಲ್ಲಿ ಆಗ ಮಳೆ ಬಿಟ್ಟಿರುವುದಿಲ್ಲ, ಹಸಿ ಹಾಳೆ ಮೂರು ದಿನ ಒಣಗದೆ ಬೂಷ್ಟು ಹಿಡಿಯುತ್ತದೆ. ಡಿಸೆಂಬರಿನ ಒಣಗಾಳಿಯಲ್ಲಾದರೆ ಬೆಳಿಗ್ಗೆ ಹಾಕಿದ ಹಾಳೆ ಸಂಜೆಗೆ ಕೈಗೆ ಬರುತ್ತದೆ. ಕಾರ್ತಿಕ, ಮಾರ್ಗಶಿರದ ಮದುವೆಗಳ ಲಗ್ನಪತ್ರಿಕೆಗಳು ಆ ಹೊತ್ತಿಗೆ ಎಲ್ಲರ ಮನೆಯಲ್ಲೂ ಇರುತ್ತವೆ. ಧನುರ್ಮಾಸ ಹಿಡಿದ ಮೇಲೆ ಹೊಸವು ಬರುವುದಿಲ್ಲ, ಡಿಸೆಂಬರ್ ಮಧ್ಯದೊಳಗೇ ಕೂಡಿಸಿಕೊಳ್ಳಿ. ಜನವರಿ 1ಕ್ಕೆ ಗೋಡೆಯಿಂದ ಇಳಿಯುವ ಹಳೆ ಕ್ಯಾಲೆಂಡರುಗಳು ಲಕೋಟೆಗೆ ಸರಿಯಾಗುತ್ತವೆ. ಡಿಸೆಂಬರ್ ಮೊದಲ ವಾರ ಶುರು ಮಾಡಿದರೆ ಹಬ್ಬಕ್ಕೆ ಐದು ವಾರ ಸಿಗುತ್ತದೆ. ಮೂರು ವಾರಕ್ಕಿಂತ ಕಡಿಮೆ ಇದ್ದರೆ ಕಾಗದ ಮಾಡುವ ಆಸೆ ಬಿಟ್ಟು ಲಗ್ನಪತ್ರಿಕೆಯ ಕಾರ್ಡಿಗೇ ನಿಲ್ಲುವುದು ಜಾಣತನ.

ಮೊದಲು ಆಶ್ರಮಕ್ಕೊಂದು ಫೋನ್

ಮೇಲ್ವಿಚಾರಕರನ್ನು ಕೇಳಬೇಕಾದವು ಇಷ್ಟು:

- ಈಗ ಎಷ್ಟು ಜನ ಇದ್ದಾರೆ? ಅಜ್ಜಂದಿರೆಷ್ಟು, ಅಜ್ಜಿಯರೆಷ್ಟು?
- ಓದು ಬಲ್ಲವರು ಎಷ್ಟು, ಯಾವ ಭಾಷೆಯಲ್ಲಿ? ಬೆಂಗಳೂರಿನ ಒಂದೇ ಆಶ್ರಮದಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು ಓದುವವರೆಲ್ಲ ಇರಬಹುದು.
- ದೃಷ್ಟಿ ಪೂರಾ ಹೋದವರು, ಮರೆವಿನ ಕಾಯಿಲೆಯವರು ಎಷ್ಟು?
- ವಾಕರ್ ಹಿಡಿದು ನಡೆಯುವವರು ಎಷ್ಟು?
- ತಿನಿಸು ತರಬಹುದೇ? ಯಾವುದು ಬೇಡ?
- ಸಂಕ್ರಾಂತಿ ಆಚರಿಸದವರು ಇದ್ದಾರೆಯೇ? ಅವರಿಗೆ ಬರೀ ‘ಹೊಸ ವರ್ಷದ ಶುಭಾಶಯ’ ಸಾಕು.

30 ಜನಕ್ಕೆ 45 ಕಾರ್ಡು ಮಾಡಿ. ಈ ನಡುವೆ ಹೊಸಬರು ಸೇರಿರುತ್ತಾರೆ, ಕೆಲವು ಕಾರ್ಡು ಕೆಡುತ್ತವೆ. ಅಡುಗೆಯವರಿಗೂ ಆಯಾಗಳಿಗೂ ಒಂದೊಂದು ಬೇಕು, ಅವರನ್ನು ಬಿಟ್ಟು ಹಂಚುವುದು ಚೆನ್ನಾಗಿರುವುದಿಲ್ಲ.

ರದ್ದಿ ವಿಂಗಡಿಸುವುದು

ಕೈಕಾಗದಕ್ಕೆ ಎಲ್ಲಕ್ಕಿಂತ ಒಳ್ಳೆಯದು ಬರೆದು ಮುಗಿಸಿದ ನೋಟ್‌ಬುಕ್ ಮತ್ತು ಜೆರಾಕ್ಸ್ ಹಾಳೆ. 45 ಹಾಳೆಗೆ ತಲಾ 7 ಗ್ರಾಂನಂತೆ 315 ಗ್ರಾಂ, ಹಾಳಾಗುವುದನ್ನೂ ಸೇರಿಸಿ 450 ಗ್ರಾಂ ಇಟ್ಟುಕೊಳ್ಳಿ. 200 ಪುಟದ ದೊಡ್ಡ ನೋಟ್‌ಬುಕ್ ರಟ್ಟು ತೆಗೆದರೆ 225 ಗ್ರಾಂ ಆಸುಪಾಸು ತೂಗುತ್ತದೆ, ಎರಡಿದ್ದರೆ ಸಾಕು. ಪಿನ್ನುಗಳನ್ನು ಒಂದೂ ಬಿಡದೆ ಕೀಳಿಸಿ.

ದಿನಪತ್ರಿಕೆ ಸುಲಭವಾಗಿ ಸಿಗುತ್ತದೆ, ಆದರೆ ಅದರಿಂದಾದ ಹಾಳೆ ಬೂದುಬಣ್ಣ, ಬಿಸಿಲು ತಾಗಿದರೆ ಹಳದಿ. ಮರದಲ್ಲಿರುವ ಲಿಗ್ನಿನ್ ಅಂಶವನ್ನು ಆ ಕಾಗದದಲ್ಲಿ ತೆಗೆದಿರುವುದಿಲ್ಲ, ಅದಕ್ಕೇ ಹಾಗೆ. ಒಟ್ಟು ತೂಕದ ಕಾಲು ಭಾಗಕ್ಕಿಂತ ಹೆಚ್ಚು ಬೆರೆಸಬೇಡಿ. ಹೊಳಪಿನ ಪತ್ರಿಕೆ ಹಾಳೆಯಲ್ಲಿ ಜೇಡಿಯ ಲೇಪ ಇರುವುದರಿಂದ ತಿರುಳು ಜಿಗಿಯಿಲ್ಲದೆ ಪುಡಿಪುಡಿ ಆಗುತ್ತದೆ. ಪ್ಲಾಸ್ಟಿಕ್ ಹೊದಿಕೆಯ ಲಗ್ನಪತ್ರಿಕೆ ಎಷ್ಟು ನೆನೆಸಿದರೂ ಕರಗುವುದಿಲ್ಲ. ಎಟಿಎಂ ಚೀಟಿ, ಅಂಗಡಿಯ ನುಣುಪು ಬಿಲ್ಲು ಬೇಡವೇ ಬೇಡ. ಅವುಗಳ ಲೇಪದಲ್ಲಿ ಬಿಸ್‌ಫಿನಾಲ್ ಎಂಬ ರಾಸಾಯನಿಕ ಇರುವುದುಂಟು, ಮಕ್ಕಳು ಕೈಯಾಡಿಸುವ ನೀರಿಗೆ ಅದು ಸೇರಬಾರದು.

ಲಗ್ನಪತ್ರಿಕೆಯ ದಪ್ಪ ರಟ್ಟು, ಚಿನ್ನದ ಅಂಚು, ಕೆಂಪು ಹಾಳೆ ಇವನ್ನು ಕತ್ತರಿಸಿ ಅಲಂಕಾರಕ್ಕೆ ಇಡಿ. ಹೆಸರು, ವಿಳಾಸ, ಫೋನ್ ನಂಬರ್ ಇರುವ ಭಾಗ ಹರಿದು ತಿರುಳಿಗೆ ಹಾಕಿ. ಮೂಲೆಗೆ ಹಚ್ಚಿದ ಅರಿಸಿನ ಕುಂಕುಮ ಒದ್ದೆಯಾದರೆ ಪಕ್ಕದ ಹಾಳೆಗೆಲ್ಲ ಬಣ್ಣ ಬಿಡುತ್ತದೆ, ಆ ಮೂಲೆ ಕತ್ತರಿಸಿ ತೆಗೆಯಿರಿ. ಇನ್ನು ಗಣಪತಿಯ ಚಿತ್ರ. ಅದನ್ನು ಮಿಕ್ಸಿಗೆ ಹಾಕುವುದನ್ನೋ ನಡುವೆ ಕತ್ತರಿಸುವುದನ್ನೋ ಕಂಡರೆ ಮನೆಯವರು ಮುಂದಿನ ವರ್ಷ ಒಂದು ಪತ್ರಿಕೆಯನ್ನೂ ಕೊಡುವುದಿಲ್ಲ. ದೇವರ ಚಿತ್ರಗಳನ್ನು ಇಡಿಯಾಗಿ ಬಿಡಿಸಿ, ಇಷ್ಟಪಡುವ ಹಿರಿಯರ ಕಾರ್ಡಿಗೆ ಅಂಟಿಸಿ.

ಕಾಗದ ಮಾಡುವ ಬಗೆ

ಬೇಕಾದ ಸಾಮಾನು: 2 ಸೆಂ.ಮೀ. ದಪ್ಪದ ರೀಪರ್ ಪಟ್ಟಿಯಿಂದ ಮಾಡಿದ, ಒಳಅಳತೆ 21 × 15 ಸೆಂ.ಮೀ. ಇರುವ ನಾಲ್ಕು ಚೌಕಟ್ಟು (ಎರಡು ಜೊತೆ). ಕಿಟಕಿಗೆ ಬಡಿಯುವ ಸೊಳ್ಳೆ ಜಾಲರಿ ಅರ್ಧ ಮೀಟರ್. 20 ಲೀಟರಿನ ಅಗಲ ಬಾಯಿಯ ಟಬ್ ಎರಡು. ಹಳೆ ಪಂಚೆಯಿಂದ ಹರಿದ 30 × 25 ಸೆಂ.ಮೀ. ಬಟ್ಟೆ ತುಂಡು 25. ಸ್ಪಂಜು, ಎರಡು ಹಲಗೆ, ಎರಡು ಬಕೆಟ್, ಮತ್ತು ಅಡುಗೆಗೆ ಇನ್ನೆಂದೂ ಬಳಸದ ಹಳೆ ಮಿಕ್ಸಿ ಜಾರ್. ಪ್ರತಿ ಜೊತೆಯಲ್ಲಿ ಒಂದು ಚೌಕಟ್ಟಿಗೆ ಮಾತ್ರ ಜಾಲರಿ ಬಡಿಯಿರಿ. ತಮಟೆಯ ಹಾಗೆ ಬಿಗಿ ಇರಬೇಕು. ಜೋಲು ಬಿಟ್ಟರೆ ತಿರುಳು ನಡುವೆ ಗುಂಡಿಗೂಡಿ, ಹಾಳೆ ನಡುವೆ ದಪ್ಪ, ಅಂಚಿಗೆ ತೆಳು.

ನೆನೆಸುವುದು. ಹಾಳೆಗಳನ್ನು 2 ಸೆಂ.ಮೀ. ಚೂರುಗಳಾಗಿ ಹರಿದು ರಾತ್ರಿಯಿಡೀ ನೀರಲ್ಲಿ ಬಿಡಿ. ಕತ್ತರಿ ಬೇಡ, ಕೈಯಿಂದ ಹರಿದರೆ ನಾರು ಉದ್ದವಾಗಿ ಉಳಿಯುತ್ತದೆ.

ಅರೆಯುವುದು. ಒಂದು ಜಾರಿಗೆ 10 ಗ್ರಾಂ ಒಣ ತೂಕದ ಕಾಗದ (ನೆಂದ ಮೇಲೆ ಒಂದು ಸಣ್ಣ ಹಿಡಿ), ಮುಕ್ಕಾಲು ಲೀಟರ್ ನೀರು. ಬಿಟ್ಟು ಬಿಟ್ಟು ಒಟ್ಟು 30ರಿಂದ 40 ಸೆಕೆಂಡು ಸಾಕು. ಇನ್ನೂ ನುಣ್ಣಗಾಗಲಿ ಎಂದು ಎರಡು ನಿಮಿಷ ತಿರುಗಿಸಿದರೆ ನಾರು ಚಿಕ್ಕದಾಗಿ, ಒಣಗಿದ ಹಾಳೆ ಹಪ್ಪಳದಂತೆ ಮುರಿಯುತ್ತದೆ. ಗಾಜಿನ ಬಾಟಲಿಯಲ್ಲಿ ಒಂದು ಚಮಚ ತಿರುಳು, ತುಂಬ ನೀರು ಹಾಕಿ ಕುಲುಕಿ ಬೆಳಕಿಗೆ ಹಿಡಿಯಿರಿ. ಅಕ್ಷರ ಓದಲು ಬರುವ ಚೂರು ಕಂಡರೆ ಮತ್ತೆ ಹತ್ತು ಸೆಕೆಂಡು. 450 ಗ್ರಾಂಗೆ 45 ಜಾರ್ ಆಗುವುದರಿಂದ ಮಿಕ್ಸಿ ಬಿಸಿಯಾಗುತ್ತದೆ, ಐದು ಜಾರಿಗೊಮ್ಮೆ ನಿಲ್ಲಿಸಿ. ಮಿಕ್ಸಿಯ ಗುಂಡಿ ಶಿಕ್ಷಕರ ಕೈಯಲ್ಲೇ ಇರಲಿ, ಒದ್ದೆ ನೆಲ, ಒದ್ದೆ ಕೈ, ಕರೆಂಟು ಮೂರೂ ಒಟ್ಟಿಗೆ ಬೇಡ. ಒರಳಿದ್ದರೆ ಅದರಲ್ಲಿ ಕುಟ್ಟಿಸಬಹುದು, ಹೊತ್ತು ಹಿಡಿದರೂ ಹಾಳೆ ಗಟ್ಟಿ ಬರುತ್ತದೆ.

ಟಬ್. 10 ಲೀಟರ್ ನೀರಿಗೆ 100 ಗ್ರಾಂ ಒಣ ಕಾಗದದ ತಿರುಳು, ಎಂದರೆ ಹತ್ತು ಜಾರ್. ಜಾರಿನ ನೀರೂ ಈ ಹತ್ತು ಲೀಟರಿನಲ್ಲೇ ಸೇರಿದ್ದು. ನೋಡಲು ತೆಳು ಮಜ್ಜಿಗೆಯಂತಿರಬೇಕು, ದೋಸೆಹಿಟ್ಟಿನಂತಲ್ಲ.

ಹಾಳೆ ಎತ್ತುವುದು. ಪ್ರತಿ ಸಲವೂ ಟಬ್ಬನ್ನು ತಳದಿಂದ ಕಲಕಿ. ಜಾಲರಿ ಮುಖ ಮೇಲಾಗಿ, ಅದರ ಮೇಲೆ ಖಾಲಿ ಚೌಕಟ್ಟು ಇಟ್ಟು, ಎರಡನ್ನೂ ಬಿಗಿಯಾಗಿ ಹಿಡಿದು ಓರೆಯಾಗಿ ಮುಳುಗಿಸಿ. ತಳದಲ್ಲಿ ಸಮ ಮಾಡಿಕೊಂಡು ನೇರ ಮೇಲೆತ್ತಿ. ನೀರು ಇಳಿಯುತ್ತಿರುವ ಮೊದಲ ಐದು ಸೆಕೆಂಡು ಹಿಂದೆ ಮುಂದೆ, ಎಡ ಬಲ ಮೆಲ್ಲಗೆ ಆಡಿಸಿ, ಜರಡಿ ಹಿಡಿಯುವ ಹಾಗೆ. ಇದರಿಂದ ನಾರುಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ನೀರು ಇಳಿದ ಮೇಲೆ ಆಡಿಸಿದರೆ ಹಾಳೆ ಬಿರುಕು ಬಿಡುತ್ತದೆ. ಅರ್ಧ ನಿಮಿಷ ಬಿಟ್ಟು ಮೇಲಿನ ಚೌಕಟ್ಟನ್ನು ನೇರವಾಗಿ ಎತ್ತಿ ತೆಗೆಯಿರಿ. ಆಗ ಬೆರಳಿನಿಂದ ಒಂದು ಹನಿ ಹಾಳೆಯ ಮೇಲೆ ಬಿದ್ದರೂ ಅಲ್ಲೊಂದು ತೂತು. ಕೈ ಒರೆಸಿಕೊಂಡೇ ಎತ್ತಲಿ.

ಐದು ಹಾಳೆಗೆ 35 ಗ್ರಾಂ ತಿರುಳು ಖರ್ಚಾಗಿರುತ್ತದೆ. ಹಾಗಾಗಿ ಐದೈದು ಹಾಳೆಗೊಮ್ಮೆ ಮೂರೂವರೆ ಜಾರ್ ಸೇರಿಸಬೇಕು. ಇದನ್ನು ಮರೆತ ತರಗತಿಗಳಲ್ಲಿ ಮೊದಲ ಹಾಳೆ ರಟ್ಟಿನಂತೆ, ಹತ್ತನೆಯದು ಜೇಡರ ಬಲೆಯಂತೆ ಬರುತ್ತದೆ. ಎಣಿಸಲು ಒಂದು ಮಗುವನ್ನೇ ನೇಮಿಸಿ.

ಬಟ್ಟೆಗೆ ಇಳಿಸುವುದು. ಹಲಗೆಯ ಮೇಲೆ ಒದ್ದೆ ಮಾಡಿ ಹಿಂಡಿದ ಬಟ್ಟೆ ಹಾಸಿ. ಜಾಲರಿಯ ಒಂದು ಅಂಚನ್ನು ಬಟ್ಟೆಗೆ ತಾಗಿಸಿ, ಪುಸ್ತಕ ಮುಚ್ಚುವ ಹಾಗೆ ಮಗುಚಿ, ಹಿಂಬದಿಯಿಂದ ಸ್ಪಂಜಿನಲ್ಲಿ ನೀರು ಹೀರಿ. ಸ್ಪಂಜು ಹಿಂಡಿ ಹಿಂಡಿ ನಾಲ್ಕೈದು ಸಲ ಒತ್ತಿ, ಆಮೇಲೆ ಅದೇ ಅಂಚಿನಿಂದ ಎತ್ತಿ. ಹಾಳೆ ಜಾಲರಿಗೇ ಅಂಟಿ ಬಂದರೆ ನೀರು ಸಾಕಷ್ಟು ಹೀರಿಲ್ಲ, ಇಲ್ಲವೇ ಬಟ್ಟೆ ಒಣಗಿದೆ. ಬೇಜಾರಿಲ್ಲ, ಟಬ್ಬಿಗೆ ತೊಳೆದು ಹಾಕಿದರೆ ಅದೇ ತಿರುಳು ಮತ್ತೊಂದು ಹಾಳೆ.

ಒತ್ತುವುದು. ಹತ್ತು ಹಾಳೆ, ನಡುನಡುವೆ ಬಟ್ಟೆ, ಮೇಲೊಂದು ಹಲಗೆ, ಅದರ ಮೇಲೆ 15 ಲೀಟರ್ ನೀರಿನ ಬಕೆಟ್ ಎರಡು. ಅರ್ಧ ಗಂಟೆ. ಒತ್ತಡದಲ್ಲಿ ನಾರುಗಳು ಹತ್ತಿರ ಬಂದು ಒಣಗುವಾಗ ಒಂದನ್ನೊಂದು ಹಿಡಿಯುತ್ತವೆ, ಹಾಳೆಗೆ ಬಲ ಬರುವುದು ಇಲ್ಲೇ. ಆತುರಪಟ್ಟು ಇದನ್ನು ಬಿಟ್ಟರೆ ಹಾಳೆ ಬಟ್ಟಲು ಒರೆಸುವ ಟಿಶ್ಯೂ ಥರ ಇರುತ್ತದೆ.

ಒಣಗಿಸುವುದು. ಬಟ್ಟೆಗೆ ಅಂಟಿದಂತೆಯೇ ಗಾಳಿಯಾಡುವ ನೆರಳಿನಲ್ಲಿ ಹರಡಿ. ನೇರ ಬಿಸಿಲಿನಲ್ಲಿ ಮೇಲ್ಮೈ ಬೇಗ ಒಣಗಿ ಹಾಳೆ ದೊನ್ನೆಯಾಗುತ್ತದೆ. ಪೂರಾ ಒಣಗಿದ ಮೇಲೆ ಸುಲಿದು ತೆಗೆದು, ಮೇಲೊಂದು ಬಟ್ಟೆ ಹಾಕಿ ಇಸ್ತ್ರಿ ಮಾಡಿ, ಒಂದು ರಾತ್ರಿ ದಪ್ಪ ಪುಸ್ತಕಗಳ ಅಡಿ ಇಡಿ. ಒಂದು ಮುಖ ನುಣುಪಾಗಿ ಬೇಕೆಂದರೆ ಒತ್ತಿದ ಹಸಿ ಹಾಳೆಯನ್ನು ಕಿಟಕಿಯ ಗಾಜಿಗೋ ಗ್ರಾನೈಟ್ ಕಟ್ಟೆಗೋ ಮೆತ್ತಿ ಒಣಗಲು ಬಿಡಿ.

ಒಂದು ಹಾಳೆಗೆ ಮೂರು ನಿಮಿಷವಾದರೂ ಬೇಕು. ಎರಡು ಟಬ್ ಇದ್ದರೆ 45 ಹಾಳೆ ಎರಡು ಪೀರಿಯಡ್ ತಿನ್ನುತ್ತದೆ. ಬಟ್ಟೆ 25 ತುಂಡೇ ಇರುವುದರಿಂದ ಎರಡು ದಿನಕ್ಕೆ ಹಂಚಿಕೊಳ್ಳಿ. ಉಳಿದ ತಿರುಳನ್ನು ನೀರಲ್ಲಿ ಬಿಟ್ಟರೆ ಎರಡು ಮೂರು ದಿನಕ್ಕೆ ನಾರುತ್ತದೆ. ಹಿಂಡಿ ಉಂಡೆ ಕಟ್ಟಿ ಒಣಗಿಸಿಟ್ಟರೆ ಮುಂದಿನ ವರ್ಷಕ್ಕೂ ಬರುತ್ತದೆ. ಟಬ್ಬಿನ ನೀರನ್ನು ಬಟ್ಟೆಯಲ್ಲಿ ಸೋಸಿ ಗಿಡಕ್ಕೆ ಹಾಕಿ. ಹಾಗೇ ಮೋರಿಗೆ ಸುರಿದರೆ ಪೈಪು ಕಟ್ಟಿಕೊಳ್ಳುವುದು ಖಂಡಿತ.

ಬಣ್ಣಕ್ಕೆ ಚಹಾ ಡಿಕಾಕ್ಷನ್ ಅಥವಾ ಈರುಳ್ಳಿ ಸಿಪ್ಪೆ ಕುದಿಸಿದ ನೀರು ಚೆನ್ನ. ಅರಿಸಿನದ ಹಳದಿ ಬೆಳಕಿಗೆ ಬೇಗ ಮಾಸುತ್ತದೆ. ಮೇಲಾಗಿ ಸೋಪಿನ ಕೈ ತಾಗಿದರೆ ಕೆಂಪಾಗುತ್ತದೆ, ಅರಿಸಿನಕ್ಕೆ ಸುಣ್ಣ ಬಿದ್ದರೆ ಆಗುವಂತೆ. ಬೀಟ್‌ರೂಟ್ ನಾಲ್ಕು ದಿನದ ಸಂಭ್ರಮ. ಚೆಂಡುಹೂವಿನ ಎಸಳನ್ನು ಅರೆಯದೆ ಟಬ್ಬಿಗೇ ಉದುರಿಸಿದರೆ ಹಾಳೆಯಲ್ಲಿ ಚೆಂದ ಕಾಣುತ್ತದೆ. ಬೀಜದ ಕಾಗದ ಮಾಡುವ ಹುಮ್ಮಸ್ಸಿದ್ದರೆ ದಂಟಿನ ಸೊಪ್ಪಿನ ಬೀಜ ಆಯ್ದುಕೊಳ್ಳಿ. ಕಾಮಕಸ್ತೂರಿ ಬೀಜ ನೀರು ಮುಟ್ಟಿದೊಡನೆ ಲೋಳೆಯಾಗಿ ಹಾಳೆ ಕೆಡಿಸುತ್ತದೆ. ಬೀಜ ಹಾಕಿದ ಹಾಳೆ ಒಂದೇ ದಿನದಲ್ಲಿ ಒಣಗಬೇಕು, ಇಸ್ತ್ರಿ ತಾಗಿಸಬಾರದು. ಆಶ್ರಮದಲ್ಲಿ ಒಂದು ಕುಂಡವೂ ಇಲ್ಲದಿದ್ದರೆ ಇದಕ್ಕೆ ಕೈಹಾಕದಿರುವುದೇ ಲೇಸು.

ಕಾರ್ಡು: ನಿಲ್ಲುವಂತೆ, ಓದುವಂತೆ

ಕೈಕಾಗದದ ಮೇಲೆ ನೇರವಾಗಿ ಬರೆಯಬೇಡಿ. ಕಾರ್ಖಾನೆಯ ಕಾಗದಕ್ಕೆ ಶಾಯಿ ಹರಡದಂತೆ ಹಾಕಿದ ಲೇಪ ಅರೆಯುವಾಗ ಹೋಗಿರುತ್ತದೆ, ಜೆಲ್ ಪೆನ್ನು ಇಟ್ಟಲ್ಲಿ ಬೇರು ಬಿಡುತ್ತದೆ. ಗಂಜಿ ಬಳಿದರೆ ತಡೆಯಬಹುದು, ಆದರೆ ಗಂಜಿಗೆ ಜಿರಲೆ ಬರುತ್ತದೆ. ಒಂದು ಮಗ್ಗುಲು ಖಾಲಿ ಇರುವ ಬಿಳಿ ಹಾಳೆಯಿಂದ 13 × 9 ಸೆಂ.ಮೀ. ಚೀಟಿ ಕತ್ತರಿಸಿ, ಅದರಲ್ಲಿ ಬರೆದು, ಅಂಗಡಿಯ ಬಿಳಿ ಅಂಟಿನಿಂದ ಅಂಟಿಸುವುದು ಸುಲಭ. ಕಣ್ಣಿಗೂ ಸ್ಪಷ್ಟ.

21 ಸೆಂ.ಮೀ. ಉದ್ದವನ್ನು ಸರಿಯಾಗಿ ನಡುವೆ ಮಡಿಸಿ, ಗುಡಾರದಂತೆ ಮೇಜಿನ ಮೇಲೆ ನಿಲ್ಲಿಸುವ ಕಾರ್ಡು ಮಾಡಿ. ಪ್ರತಿ ಮುಖ 15 × 10.5 ಸೆಂ.ಮೀ. ಮಾತು ಒಂದು ಹೊರಮುಖದಲ್ಲಿ, ಚಿತ್ರ ಇನ್ನೊಂದರಲ್ಲಿ. ತೆರೆಯುವ ಕೆಲಸವೇ ಇಲ್ಲ, ಮಂಚದ ಪಕ್ಕದಲ್ಲಿ ದಿನವಿಡೀ ಕಾಣುತ್ತದೆ. ಮಡಿಸುವ ಮೊದಲು ಸ್ಕೇಲಿಟ್ಟು ಖಾಲಿ ರೀಫಿಲ್ಲಿನಿಂದ ಒತ್ತಿ ಗೆರೆ ಎಳೆಯಿರಿ, ಇಲ್ಲದಿದ್ದರೆ ಮಡಿಕೆಯಲ್ಲಿ ಹಾಳೆ ಸೀಳುತ್ತದೆ.

ಅಕ್ಷರ 1 ಸೆಂ.ಮೀ. ಎತ್ತರ, ಬಿಳಿಯ ಮೇಲೆ ಕಪ್ಪು. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟುವುದರಿಂದ ನೀಲಿ, ಹಸಿರು, ನೇರಳೆಗಳ ವ್ಯತ್ಯಾಸ ಮಸುಕಾಗುತ್ತದೆ. ಕನ್ನಡಕ್ಕೆ ಒತ್ತಕ್ಷರದ ಜಾಗವೂ ಬೇಕಲ್ಲ, ಸಾಲಿನಿಂದ ಸಾಲಿಗೆ 2 ಸೆಂ.ಮೀ. ಬಿಡಿ. ಹಾಗೆ ಲೆಕ್ಕ ಹಾಕಿದರೆ ಚೀಟಿಯಲ್ಲಿ ನಾಲ್ಕು ಸಾಲು, ಸಾಲಿಗೆ ಎಂಟೊಂಬತ್ತು ಅಕ್ಷರ. ಇಷ್ಟರಲ್ಲಿ ಹೇಳಬೇಕಾದ್ದನ್ನು ಹೇಳುವುದು ಮಕ್ಕಳಿಗೆ ಒಳ್ಳೆಯ ಕಸರತ್ತು.

ಗುಂಡುಸೂಜಿ, ಸ್ಟೇಪ್ಲರ್ ಪಿನ್ನು ಬೇಡ. ಸಕ್ಕರೆ ಕಾಯಿಲೆಯಿಂದ ಕಾಲಿನ ಸ್ಪರ್ಶ ಕಳೆದುಕೊಂಡವರಿಗೆ ತುಳಿದ ಪಿನ್ನು ಗೊತ್ತೇ ಆಗುವುದಿಲ್ಲ. ಮಣಿ, ಗುಂಡಿಗಳನ್ನು ಮರೆವಿನ ಕಾಯಿಲೆಯವರು ಬಾಯಿಗೆ ಹಾಕಿಕೊಳ್ಳಬಹುದು. ಕಾಳು, ತೆನೆ ಅಂಟಿಸಿದರೆ ಇರುವೆ. ದೃಷ್ಟಿ ಇಲ್ಲದವರ ಕಾರ್ಡಿಗೆ ಬೆರಳಿಗೆ ಸಿಗುವಂಥದ್ದು ಹಾಕಿ: ಹಳೆ ರೇಷ್ಮೆ ಸೀರೆಯಿಂದ ಕತ್ತರಿಸಿದ ಎತ್ತು, ಸುತ್ತಲೂ ಅಂಟಿಸಿದ ದಪ್ಪ ದಾರ. ಲಗ್ನಪತ್ರಿಕೆಯ ಹಸಿರು, ಕಂದು ಪಟ್ಟಿಗಳಿಂದ ಕಬ್ಬಿನ ಜಲ್ಲೆ ಚೆನ್ನಾಗಿ ಬರುತ್ತದೆ.

ಏನು ಬರೆಯುವುದು

‘ನೀವು ಒಂಟಿ ಎಂದು ಕೊರಗಬೇಡಿ’, ‘ನಿಮ್ಮ ಮಕ್ಕಳು ಬಿಟ್ಟರೇನಂತೆ’ ಎಂಬ ಧಾಟಿಯ ಸಾಲುಗಳು ಮಕ್ಕಳಿಂದ ತಾವಾಗಿ ಬರುತ್ತವೆ, ದೊಡ್ಡವರ ಭಾಷಣ ಕೇಳಿ ಕೇಳಿ. ಅವನ್ನು ಮೊದಲೇ ತಡೆಯಿರಿ. ‘ಬೇಗ ಗುಣಮುಖರಾಗಿ’ ಕೂಡ ಬೇಡ, ಅದು ಆಸ್ಪತ್ರೆಯಲ್ಲ. ಬದಲಿಗೆ ಒಂದು ಪ್ರಶ್ನೆ ಕೇಳಲಿ: ‘ಸಂಕ್ರಾಂತಿ ಶುಭಾಶಯ ಅಜ್ಜಿ. ನಿಮ್ಮ ಊರಲ್ಲಿ ಕಿಚ್ಚು ಹಾಯಿಸುತ್ತಿದ್ದರಾ?’ ಎಣಿಸಿದರೆ 22 ಅಕ್ಷರ, ಮೂರು ಸಾಲು. ನಾಲ್ಕನೆಯದು ಮಗುವಿನ ಹೆಸರು, ತರಗತಿಗೆ. ಕಿಚ್ಚಿನ ಮಾತು ಮೈಸೂರು, ಮಂಡ್ಯದ ಕಡೆಯವರಿಗೆ. ಉತ್ತರ ಕರ್ನಾಟಕದವರಿಗಾದರೆ ಕುಸುರೆಳ್ಳಿನ ಬಗ್ಗೆಯೋ, ಹೊಳೆದಂಡೆಗೆ ಕಟ್ಟಿಕೊಂಡು ಹೋಗುತ್ತಿದ್ದ ಬುತ್ತಿಯ ಬಗ್ಗೆಯೋ ಕೇಳಬೇಕು. ಅಜ್ಜ, ತಾತ, ಮುತ್ಯಾ ಇವುಗಳಲ್ಲಿ ಯಾವುದು ಎನ್ನುವುದನ್ನೂ ಆ ಊರಿನ ರೂಢಿ ನೋಡಿ ಆರಿಸಿ. ಮಗುವಿನ ಮನೆ ವಿಳಾಸ, ಫೋನ್ ನಂಬರ್ ಬರೆಯಬಾರದು.

ಬಟ್ಟೆಯ ಉಡುಗೊರೆಗಳು

ದಿನವೂ ಬಳಕೆಗೆ ಬರುವುದು ವಾಕರ್ ಚೀಲ. ಎರಡೂ ಕೈ ವಾಕರ್ ಮೇಲಿರುವಾಗ ಕನ್ನಡಕ, ಕರವಸ್ತ್ರ, ಮೊಬೈಲ್ ಎಲ್ಲಿಡುವುದು? ಹಳೆ ಸಮವಸ್ತ್ರದ ಪ್ಯಾಂಟಿನ ಗಟ್ಟಿ ಬಟ್ಟೆ ಸಾಕು, ಒಂದು ಕಾಲು ಬಿಚ್ಚಿದಾಗ ಅಗಲ ಸಾಲದಿದ್ದರೆ ಎರಡು ತುಂಡು ಜೋಡಿಸಿ. ಬಿಸಿನೀರಲ್ಲಿ ಒಗೆದು, ಬಿಸಿಲಲ್ಲಿ ಒಣಗಿಸಿ, 38 × 66 ಸೆಂ.ಮೀ. ಕತ್ತರಿಸಿ. ಉದ್ದದ ಎರಡೂ ತುದಿಯಲ್ಲಿ 1 ಸೆಂ.ಮೀ. ಮಡಿಸಿ ಹೊಲಿಯಿರಿ. ಕೆಳತುದಿಯನ್ನು 20 ಸೆಂ.ಮೀ. ಮೇಲಕ್ಕೆ ಮಡಿಸಿದರೆ ಜೇಬು. ಎರಡು ಬದಿಯನ್ನೂ 2 ಸೆಂ.ಮೀ. ಮಡಿಸಿ ಹೊಲಿದು, ಜೇಬಿನ ನಡುವೆ ಒಂದು ಹೊಲಿಗೆ ಎಳೆದರೆ ಎರಡು ಜೇಬು. ಮೇಲಿನ 12 ಸೆಂ.ಮೀ. ವಾಕರಿನ ಮುಂದಿನ ಅಡ್ಡಪಟ್ಟಿಯನ್ನು ಸುತ್ತಿ ಹಿಂದೆ ವೆಲ್ಕ್ರೋದಿಂದ ಹಿಡಿಯಬೇಕು. ಗುಂಡಿ, ಲಾಡಿ ಕಟ್ಟಲು ಬಾತ ಬೆರಳಿಗೆ ಆಗದು. ಜೇಬಿನ ಮುಖ ನಡೆಯುವವರ ಕಡೆಗಿರಲಿ. ಅರ್ಧ ಕಿಲೋಗಿಂತ ಹೆಚ್ಚು ತುಂಬಿದರೆ ವಾಕರ್ ಮುಂದಕ್ಕೆ ಎಳೆಯುತ್ತದೆ, ಇದನ್ನು ಕೊಡುವಾಗ ಬಾಯಿಬಿಟ್ಟು ಹೇಳಿ.

ಕನ್ನಡಕದ ಚೀಲಕ್ಕೆ 22 × 22 ಸೆಂ.ಮೀ. ತುಂಡು, ಒಳಗೆ ಹಳೆ ಪಂಚೆಯ ಅಸ್ತರಿ. ನಡುವೆ ಮಡಿಸಿ ಎರಡು ಬದಿ ಹೊಲಿದರೆ ಮುಗಿಯಿತು. ಬಣ್ಣ ಕೆಂಪೋ ಗಾಢ ಹಳದಿಯೋ ಇದ್ದರೆ ಹಾಸಿಗೆಯಲ್ಲಿ ಹುಡುಕಲು ಸುಲಭ. ಬಟ್ಟೆ ಬಣ್ಣ ಬಿಡುತ್ತದೆಯೇ ಎಂದು ಒದ್ದೆ ಬಿಳಿ ಚಿಂದಿಯಿಂದ ಉಜ್ಜಿ ನೋಡಿ.

ಕೌದಿ ಕಲಿತ ಅಜ್ಜಿಯೊಬ್ಬರು ಊರಲ್ಲಿದ್ದರೆ ಮಡಿಲಿಗೆ ಹೊದೆಯುವ 90 × 75 ಸೆಂ.ಮೀ. ಸಣ್ಣ ಕೌದಿ ಆಗಬಹುದು: ಮೇಲೆ ತೇಪೆಗಳು, ನಡುವೆ ಮತ್ತು ಅಡಿಗೆ ಹಳೆ ನೂಲಿನ ಸೀರೆ, 2 ಸೆಂ.ಮೀ. ಅಂತರದ ಸಾಲುಹೊಲಿಗೆ. ಬರೀ ಹೊಲಿಗೆಯೇ 30 ಮೀಟರ್ ದಾಟುತ್ತದೆ, ಐವರು ಮಕ್ಕಳು ದಿನಕ್ಕೊಂದು ಗಂಟೆ ಕೂತರೂ ಎರಡು ವಾರ. ಉತ್ತರ ಕನ್ನಡದ ಸಿದ್ದಿ ಹೆಂಗಸರ ಕವಂದಿಯಲ್ಲಿ ಅಂಚಿನಿಂದ ಶುರುಮಾಡಿ ಸುತ್ತುತ್ತಾ ನಡುವಿಗೆ ಬರುತ್ತಾರೆ. ಮಕ್ಕಳಿಗೆ ನೇರ ಸಾಲೇ ಸಲೀಸು. ಒಂದಕ್ಕಿಂತ ಹೆಚ್ಚು ಒಪ್ಪಿಕೊಳ್ಳಬೇಡಿ. ಮೊದಲೇ ಕೇಳಿಕೊಂಡು ತೀರಾ ಚಳಿ ತಾಳದವರೊಬ್ಬರಿಗೆ ಕೊಡಿ.

ಎಳ್ಳು ಬೆಲ್ಲ

ಕಾರ್ಡಿನ ಜೊತೆ ಎಳ್ಳು ಬೆಲ್ಲ ಇಲ್ಲದೆ ಹೇಗೆ ಎನಿಸುವುದು ಸಹಜ. ಆದರೆ ಗಟ್ಟಿ ಕೊಬ್ಬರಿ, ಕಡಲೆಬೀಜ ಹಲ್ಲಿಲ್ಲದವರ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ, ಬೆಲ್ಲ ಸಕ್ಕರೆ ಕಾಯಿಲೆಗೆ ಆಗದು. ಎಲ್ಲರಿಗೂ ಪೊಟ್ಟಣ ಹಂಚದೆ ಒಂದೇ ಡಬ್ಬಿ ಅಡುಗೆಮನೆಗೆ ಕೊಡಿ, ಯಾರಿಗೆ ಎಷ್ಟು, ಪುಡಿ ಮಾಡಬೇಕೇ ಎಂಬುದು ಅಲ್ಲಿಯವರಿಗೆ ಗೊತ್ತು. ದಿನಪತ್ರಿಕೆ, ಕ್ಯಾಲೆಂಡರ್ ಹಾಳೆಯಲ್ಲಿ ತಿನಿಸು ಕಟ್ಟಬಾರದು. ಮುದ್ರಣದ ಶಾಯಿ ತಿನಿಸಿಗೆ ಹತ್ತುತ್ತದೆ, 2018ರ ಆಹಾರ ಪ್ಯಾಕಿಂಗ್ ನಿಯಮಗಳೂ ಪತ್ರಿಕೆಯಲ್ಲಿ ಕಟ್ಟುವುದನ್ನು ನಿಷೇಧಿಸಿವೆ. ಕ್ಯಾಲೆಂಡರ್ ಹಾಳೆ ಕಾರ್ಡಿನ ಲಕೋಟೆಗೆ ಮಾತ್ರ. ಅದರ ಬಾಯಿ ಅಂಟಿಸದೆ ಒಳಗೆ ಸಿಕ್ಕಿಸಿ.

ಕೊಡುವ ದಿನ

ಬೆಳಿಗ್ಗೆ 10ರಿಂದ 11.30, ಇಲ್ಲವೇ ಸಂಜೆ 4ರ ಮೇಲೆ ಹೋಗಿ. ಊಟದ ನಂತರ ಹಿರಿಯರು ಮಲಗುತ್ತಾರೆ. 40 ಮಕ್ಕಳೂ ಒಮ್ಮೆಗೇ ನುಗ್ಗಿದರೆ ಗದ್ದಲಕ್ಕೇ ಸುಸ್ತಾಗುತ್ತಾರೆ, 20 ಜನರನ್ನು ಕರೆದೊಯ್ದು ಐದೈದರ ಗುಂಪು ಮಾಡಿ. ಮುಕ್ಕಾಲು ಗಂಟೆ ಸಾಕು. ನೆಗಡಿ, ಕೆಮ್ಮು ಇರುವ ಮಗು ಆ ದಿನ ಬೇಡ. ವೇದಿಕೆ, ಮೈಕು, ಸಾಲಾಗಿ ನಿಲ್ಲಿಸಿ ಕೊಡುವುದು ಯಾವುದೂ ಬೇಡ. ಪಕ್ಕದಲ್ಲಿ ಕೂತು, ಮುಖ ಕಾಣುವಂತೆ, ಕಿರುಚದೆ ಬಿಡಿಸಿ ಮಾತಾಡಲಿ. ಕಾರ್ಡು ಬೇಡವೆಂದವರಿಗೆ ಒತ್ತಾಯ ಮಾಡಬಾರದು. ಅವರು ಒಪ್ಪದೆ ಫೋಟೊ ತೆಗೆಯುವಂತಿಲ್ಲ, ಆಶ್ರಮದ ಒಪ್ಪಿಗೆ ಅವರ ಒಪ್ಪಿಗೆಯಲ್ಲ.

ಬರೆಯಬಲ್ಲವರ ಲಕೋಟೆಯಲ್ಲಿ ಶಾಲೆಯ ವಿಳಾಸ ಬರೆದ ಅಂಚೆ ಕಾರ್ಡೊಂದನ್ನು ಇಟ್ಟಿರಿ. ಕಿಚ್ಚಿನ ಪ್ರಶ್ನೆಗೆ ಉತ್ತರ ಬಂದರೆ ಅದನ್ನು ಕೇಳಿದ ಮಗುವಿಗೇ ತಲುಪಿಸಿ, ಮತ್ತು ಯುಗಾದಿಗೆ ಮರುಪತ್ರ ಬರೆಸಲು ಆ ಒಣಗಿದ ತಿರುಳಿನ ಉಂಡೆಗಳನ್ನು ಫೆಬ್ರವರಿಯಲ್ಲೇ ನೆನೆಹಾಕಿ.